ಅಂಕಲೇಶ್ವರದ ಎಣ್ಣೆ ಮತ್ತು ಕೇಶವದೇವ ಮಾಳವೀಯರು

ಮುಂಬಯಿಯಿಂದ ಅಹಮದಾಬಾದಿನ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡುವ ನಮ್ಮ ವಾಚಕರು ಸೂರತ್ ದಾಟಿದ ಮೇಲೆ, ನರ್ಮದೆಯ ಸೇತುವೆಗೆ ಮುಂಚೆ, ಅಂಕಲೇಶ್ವರವೆಂಬ ಸ್ಟೇಷನ್ನನ್ನು ಕಂಡಿರಬಹುದು. ಆ ಊರಿನ ಹೆಸರು ದೇಶಕ್ಕೆಲ್ಲ ತಿಳಿಯುವಂತಾದುದು ಕೇಶವದೇವ ಮಾಳವೀಯರ ಹಟದಿಂದ.

1904ರಲ್ಲಿ ಜನಿಸಿದ ಮಾಳವೀಯರು ಕಾನ್ಪುರದಲ್ಲಿ ತೈಲತಂತ್ರವನ್ನು ಅಭ್ಯಸಿಸಿ, ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆವಾಸವನ್ನು ಅನುಭವಿಸಿ, ಮುಂದೆ ನೆಹರೂ ಅವರ ಸರಕಾರದಲ್ಲಿ ಮಂತ್ರಿಗಳಾದರು. ಆ ಕಾಲಕ್ಕೆ ಭಾರತದಲ್ಲಿ ನೆಲದೆಣ್ಣೆ ದೊರೆಯುತ್ತಿದ್ದುದು ಅಸ್ಸಾಮಿನಲ್ಲಿ ಮಾತ್ರ. ಬೇರೆಡೆ ಹುಡುಕುವುದು ವ್ಯರ್ಥವೆಂದು ಪಾಶ್ಚಾತ್ಯ ತಜ್ಞರಲ್ಲಿ ಅನೇಕರ ಅಭಿಪ್ರಾಯವಾಗಿತ್ತು. ಎಣ್ಣೆ ಮಾರುವವರ ದೇಶದವರೇ ನಿಮ್ಮಲ್ಲಿ ಎಣ್ಣೆಯಿಲ್ಲವೆಂದರೆ ಕೊಳ್ಳುವವನು ಆ ಮಾತನ್ನು ತೂಗಿ ನೋಡಬೇಕು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಮಗೆ ಇದು ಬೇಗ ಅರ್ಥವಾಗುತ್ತದೆ. ಮಾಳವೀಯರು ಸೋವಿಯತ್ ತಜ್ಞರನ್ನು ಕರೆಸಿದರು. ಖಂಭಾತದ ಸುತ್ತಣ ನೆಲದಲ್ಲಿ ಆಸೆಗೆ ಆಸ್ಪದವಿದೆಯೆಂದು ಅವರು ವರದಿಯಿತ್ತರು. 1956ರ ಆಗಸ್ಟಿನಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಸ್ಥಾಪಿತವಾಯಿತು.

ಆಸೆಗೆ ಆಧಾರವೇನು? ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಕುಸಿದ ತಗ್ಗಿನಲ್ಲಿ ಕಡಲಿನ ಕೆಸರೂ ನದಿಗಳ ಮರಳೂ ಪದರಪದರವಾಗಿ ಶೇಖರಗೊಂಡು ಕಲ್ಲಾದುವು. ಕೆಸರಿನಲ್ಲಿ ಹೂತ ಸೂಕ್ಷ್ಮ ಜೀವಿಗಳು ಆಳದ ಶಾಖದಲ್ಲಿ ಬೆಂದು ಎಣ್ಣೆಯಾದುವು. ಅದು ಕೆರೆಯಂತೆ ನಿಂತಿರುವುದಿಲ್ಲ. ಇಡ್ಲಿಯು ಸಾಂಬಾರನ್ನು ಹೀರಿಕೊಂಡಂತೆ ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ಅಡಗಿರುತ್ತದೆ. ಮೇಲೆ ಜೇಡಿಗಲ್ಲಿನ ಮುಚ್ಚಳವಿದ್ದರೆ ಮಾತ್ರ ಉಳಿಯುತ್ತದೆ. ಪದರಗಳು ಎಲ್ಲಿ ಗುಮ್ಮಟದಂತೆ ಉಬ್ಬಿವೆಯೆಂದು ತಿಳಿಯಲು ನೆಲದಲ್ಲಿ ಸಣ್ಣ ಸ್ಫೋಟಗಳನ್ನು ಮಾಡಿ, ಪ್ರತಿಧ್ವನಿ ಮರಳುವ ಕಾಲವನ್ನು ಅಳೆಯುತ್ತಾರೆ. ಇಷ್ಟಾದರೂ ಅದು ಊಹೆಯೇ. ಕೊರೆದ ಮೇಲೆಯೇ ನಿಜ ತಿಳಿಯುವುದು. ಬರಿದಾದ ಬಾವಿಗೆ ಸುರಿದ ಹಣ ಹಿಂದಿರುಗದು.

ಮೊದಲ ಬಾವಿಯನ್ನು 1957ರಲ್ಲಿ ಕಾಂಗಡಾ ಪ್ರಾಂತದ ಜ್ವಾಲಾಮುಖಿಯಲ್ಲಿ ಕೊರೆದರು. ದೇವಿಯ ಗುಡಿಯಲ್ಲಿ ತಾನಾಗಿ ಉರಿಯುವ ಜ್ವಾಲೆಗಿಂತ ಹೆಚ್ಚಿನ ಸೂಚನೆ ಬೇಕೆ? ಆದರೂ ವ್ಯಾಪಾರಕ್ಕೆ ಆಗುವಷ್ಟು ಅಲ್ಲಿ ದೊರೆಯಲಿಲ್ಲ. ಬಡ ದೇಶದ ಹಣವನ್ನು ಮಣ್ಣಿಗೆ ಸುರಿದ ಮಂತ್ರಿಯೆಂಬ ಅಪವಾದಕ್ಕೆ ಇನ್ನೊಂದು ಬರಿದಾದ ಬಾವಿ ಸಾಕಾಗಿತ್ತು. 1958ರ ಸೆಪ್ಟೆಂಬರಿನಲ್ಲಿ ಖಂಭಾತದ ಬಳಿಯ ಲುಣೇಜಿನಲ್ಲಿ ಎಣ್ಣೆ ಕಾಣಿಸಿಕೊಂಡಿತು. 1960ರ ಮೇ ತಿಂಗಳಲ್ಲಿ ಅಂಕಲೇಶ್ವರದ ಬಾವಿ ಚಿಮ್ಮಿದಾಗ ಸಂಶಯಕ್ಕೆ ಎಡೆಯುಳಿಯಲಿಲ್ಲ. ಆ ಬಾವಿಗೆ ನೆಹರೂ ಅವರು ವಸುಧಾರಾ ಎಂದು ಹೆಸರಿಟ್ಟರು.

ಗೆದ್ದವರಿಗೆ ನೆಮ್ಮದಿ ದೊರೆಯಲಿಲ್ಲ. ಗಣಿಯೊಡೆಯನೊಬ್ಬನಿಂದ ಚುನಾವಣೆಯ ವೆಚ್ಚಕ್ಕೆ ಹಣ ಕೊಡಿಸಿದ ವಿಚಾರವೆದ್ದು, 1963ರಲ್ಲಿ ಅವರು ರಾಜೀನಾಮೆಯಿತ್ತರು. ಈ ಪ್ರಸಂಗವನ್ನು ಮುಚ್ಚಿಡುವುದು ನಮಗೆ ಸರಿತೋರದು. ಹತ್ತು ವರ್ಷ ಕಳೆದ ಮೇಲೆ ಇಂದಿರಾ ಗಾಂಧಿಯವರ ಮಂತ್ರಿಮಂಡಲಕ್ಕೆ ಮರಳಿ, ಪೆಟ್ರೋಲಿಯಂ ಖಾತೆಯನ್ನು ವಹಿಸಿಕೊಂಡರು. ಅಷ್ಟರಲ್ಲಿ, 1974ರ ಫೆಬ್ರವರಿಯಲ್ಲಿ, ‘ಸಾಗರ ಸಾಮ್ರಾಟ’ವೆಂಬ ಕೊರೆಯುವ ಹಡಗು ಮುಂಬಯಿಗೆ ಪಶ್ಚಿಮದ ಕಡಲಿನಲ್ಲಿ, ಬಾಂಬೆ ಹೈ ಎಂಬಲ್ಲಿ, ಎಣ್ಣೆಯನ್ನು ಮುಟ್ಟಿತ್ತು. 1976ರಲ್ಲಿ ಅಲ್ಲಿಂದ ಎಣ್ಣೆ ಬರತೊಡಗಿದಾಗ ಮಾಳವೀಯರೇ ಆ ಖಾತೆಯ ಮಂತ್ರಿಗಳು.

1981ರಲ್ಲಿ ಅವರು ನಿಧನರಾದರು. ಆಯೋಗವು ಸ್ಥಾಪಿಸಿದ ಶೋಧನಾ ಸಂಸ್ಥೆಯು ಡೆಹರಾಡೂನಿನಲ್ಲಿ ಅವರ ಹೆಸರನ್ನೇ ಹೊತ್ತಿದೆ.