ಏಕತಾರಿಯ ಸಂತ ಶಿಶುನಾಳ ಶರೀಫರು

ಕೈಯಲ್ಲೊಂದು ಏಕತಾರಿ, ನಾಲಗೆಯ ಮೇಲೆ ತಾವೇ ಕಟ್ಟಿದ ಪದ; ಇವೆರಡನ್ನೇ ಆಸ್ತಿಯಾಗಿ ಇಟ್ಟುಕೊಂಡು ಕನ್ನಡಿಗರ ಮನೆಮನೆಯಲ್ಲಿ ನೆಲೆಸಿದವರು ಸಂತ ಶಿಶುನಾಳ ಶರೀಫರು. ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದ ನಮ್ಮವರಲ್ಲಿಯೂ ಅವರ ಪದವೊಂದನ್ನು ಗುನುಗದವರು ವಿರಳ. ಆದರೆ ಆ ಪದಗಳ ಹಿಂದಿನ ಬಾಳು ಎಷ್ಟು ಕಠಿಣವಾಗಿತ್ತೆಂಬುದನ್ನು ಬಲ್ಲವರು ಕಡಿಮೆ.

ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಶರೀಫರು ಜನಿಸಿದರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಸೂಫಿ ಸಂತರಲ್ಲಿ ಭಕ್ತಿಯುಳ್ಳ ಆ ಮನೆಯಲ್ಲಿ ರಾಮಾಯಣ, ಮಹಾಭಾರತ ಹಾಗೂ ಅಲ್ಲಮಪ್ರಭುವಿನ ಕಥೆಗಳೂ ಬಾಲಕನ ಕಿವಿಗೆ ಬಿದ್ದವು. ಮುಲ್ಕಿ ಪರೀಕ್ಷೆ ಮುಗಿಸಿ ಶರೀಫರು ಕೆಲಕಾಲ ಶಾಲಾ ಮಾಸ್ತರರಾದರು. ತಿಂಗಳ ಸಂಬಳದ ಬೆಲೆ ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಶರೀಫರು ಅದನ್ನು ತೊರೆದು ಗುರುವನ್ನರಸಿ ಹೊರಟರು.

ದೊರೆತ ಗುರು ಕಳಸದ ಗೋವಿಂದಭಟ್ಟರು. ಬ್ರಾಹ್ಮಣ ಗುರುವಿಗೆ ಮುಸಲ್ಮಾನ ಶಿಷ್ಯ! ಆ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಎರಡೂ ಕಡೆಯವರ ವಿರೋಧ ಎದುರಾಯಿತು. ಗುರುಗಳಾದರೋ ತಮ್ಮ ಜನಿವಾರವನ್ನೇ ಶಿಷ್ಯನಿಗೆ ತೊಡಿಸಿದರೆಂದು ಪರಂಪರೆ ಹೇಳುತ್ತದೆ. ಹಾಗೆಂದು ಶರೀಫರು ತಮ್ಮ ಧರ್ಮವನ್ನು ತ್ಯಜಿಸಿದವರಲ್ಲ. ಮೊಹರಮ್ಮಿನಲ್ಲಿ ಹಾಡುವ ರಿವಾಯತ ಪದಗಳನ್ನೂ ಅವರು ರಚಿಸಿದರು. ಈ ನಗರದ ಮೊಹರಂ ಮೆರವಣಿಗೆಯನ್ನು ಕಂಡವರಿಗೆ ಆ ಪದಗಳ ಶೋಕರಸ ಸುಲಭವಾಗಿ ತಿಳಿದೀತು.

ಪತ್ನಿ ಫಾತಿಮಾ ಅಕಾಲದಲ್ಲಿ ತೀರಿಕೊಂಡ ಬಳಿಕ ಸಂಸಾರದ ಕೊಂಡಿ ಕಳಚಿತು. ಆದರೂ ಅವರ ಹಾಡು ಜನರಿಂದ ದೂರವಾಗಲಿಲ್ಲ. ಸೋರುವ ಮಾಳಿಗೆ, ಹುಲಗೂರ ಸಂತೆ, ಕಾಲು ಜಾರುವ ಮುದುಕಿ, ಕೋಳಿ, ಕೋಡಗ ಇವೇ ಅವರ ತತ್ತ್ವಕ್ಕೆ ಸಾಮಗ್ರಿ. ಮಾಳಿಗೆ ಸೋರುವ ಮನೆಯೆಂದರೆ ಈ ದೇಹವೆಂದೂ, ಸಂತೆಯೆಂದರೆ ಈ ಸಂಸಾರವೆಂದೂ ಅರಿಯಲು ಪಂಡಿತನೇ ಆಗಬೇಕಾಗಿರಲಿಲ್ಲ. ದುಡಿದು ಬಂದವನು ಜಗುಲಿಯಲ್ಲಿ ಕುಳಿತು ಕೇಳಿದರೆ ಸಾಕಾಗಿತ್ತು. ಪದದ ಕೊನೆಗೆ ತಮ್ಮ ಹೆಸರನ್ನಿಡದೆ ಊರದೇವರ ಹೆಸರಿನಲ್ಲಿ ಶಿಶುನಾಳಧೀಶನೆಂಬ ಅಂಕಿತವನ್ನು ಇಟ್ಟರು.

ಅಂದು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಲಬುರಗಿ ಸೀಮೆಯಲ್ಲಿಯೂ ಇಂತಹ ತತ್ತ್ವಪದಗಳ ಹಾಡುಗಾರಿಕೆ ಬೆಳೆದಿತ್ತು. ಕಡಕೋಳ ಮಡಿವಾಳಪ್ಪನವರ ಹೆಸರು ಅಲ್ಲಿ ಮನೆಮಾತು. ಅರಸೊತ್ತಿಗೆಯ ಗಡಿಗಳು ಏಕತಾರಿಯ ನಾದವನ್ನು ತಡೆಯಲಿಲ್ಲ.

1889ರಲ್ಲಿ ಶರೀಫರು ದೇಹವಿಟ್ಟರು. ಅಂತ್ಯಸಂಸ್ಕಾರದಲ್ಲಿ ಎರಡೂ ಧರ್ಮದವರು ತಮ್ಮ ತಮ್ಮ ವಿಧಿಗಳನ್ನು ಸಲ್ಲಿಸಿದರೆಂದು ಪ್ರತೀತಿ. ಬದುಕಿದ್ದಾಗ ಅವರನ್ನು ಇಬ್ಬರೂ ಸಂಶಯದಿಂದ ನೋಡಿದರು. ತೀರಿಕೊಂಡಾಗ ಇಬ್ಬರೂ ತಮ್ಮವರೆಂದರು. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಧರ್ಮದ ಭಕ್ತರು ಬರುತ್ತಾರೆ.

ಪದಗಳನ್ನು ಉಳಿಸಿದವರು ಭಜನಾ ಮೇಳದ ಹಾಡುಗಾರರು. ಬಾಯಿಂದ ಬಾಯಿಗೆ ಸಾಗಿ ಬಂದ ಆ ಪದಗಳನ್ನು ಸಿ. ಅಶ್ವಥ್ ಅವರು ನಗರದ ಕಿವಿಗಳಿಗೆ ಮುಟ್ಟಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣರು ಶರೀಫರ ಬಾಳನ್ನು ಚಲನಚಿತ್ರವಾಗಿಸಿದರು. ಊರು ಬಿಟ್ಟು ಬಂದ ನಮಗೆ ಮಾಳಿಗೆಯನ್ನೂ ಜಗುಲಿಯನ್ನೂ ಹೊತ್ತು ತರಲಾಗಲಿಲ್ಲ. ಶರೀಫರ ಪದಗಳಾದರೋ ನಮ್ಮೊಡನೆಯೇ ಬಂದಿವೆ. ಅವುಗಳನ್ನು ಅರ್ಥವರಿತು ಹಾಡಿ ಮಕ್ಕಳಿಗೆ ಕಲಿಸುವುದೇ ಆ ಸಂತನಿಗೆ ನಾವು ಸಲ್ಲಿಸಬಹುದಾದ ಗೌರವ.