ಸ್ಕ್ಯಾನ್ ಚಿತ್ರದ ಸುಳ್ಳು ನೆರಳು ಮತ್ತು ಜಿ.ಎನ್. ರಾಮಚಂದ್ರನ್

ಮಸ್ಕತ್ತಿನಲ್ಲಿ ನಾನು ಸಿ.ಟಿ. ಸ್ಕ್ಯಾನ್ ಟೆಕ್ನಿಶಿಯನ್. ಕಟ್ಟಡದ ಮೇಲಿಂದ ಬಿದ್ದು ತಲೆಗೆ ಪೆಟ್ಟಾದವರು, ರಸ್ತೆ ಅಪಘಾತವಾದವರು ನಮ್ಮಲ್ಲಿಗೆ ಬರುತ್ತಿರುತ್ತಾರೆ. ನಮ್ಮ ಕಡೆಯವರಾದರೆ, ಒಂಚೂರೂ ಅಲುಗಾಡಬೇಡಿ ಅಂತ ಕನ್ನಡದಲ್ಲೇ ಹೇಳ್ತೀನಿ. ತಲೆ ಅಲುಗಿದರೆ, ಬಾಯಲ್ಲಿ ಲೋಹದ ಹಲ್ಲಿದ್ದರೆ, ಚಿತ್ರದಲ್ಲಿ ಇಲ್ಲದ ಗೆರೆಗಳು ಮೂಡುತ್ತವೆ. ನಮ್ಮ ಕೆಲಸದಲ್ಲಿ ಇದಕ್ಕೆ ಆರ್ಟಿಫ್ಯಾಕ್ಟ್ ಅಂತಾರೆ. ಆ ಗೆರೆ ನಿಜವಾದ ರಕ್ತಸ್ರಾವವನ್ನು ಮುಚ್ಚಿಬಿಡಬಹುದು, ಇಲ್ಲದ್ದನ್ನು ಇದೆ ಅಂತಲೂ ತೋರಿಸಬಹುದು. ಇಂಥ ಸುಳ್ಳು ನೆರಳಿನ ವಿರುದ್ಧ ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕಿದ ಒಬ್ಬ ದೊಡ್ಡ ವಿಜ್ಞಾನಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಜಿ.ಎನ್. ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಹುಡುಗನ ಬುದ್ಧಿ ಕಂಡ ಸರ್ ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಮುಂದೆ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್, 1952ರಿಂದ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ. ಚರ್ಮ, ಮೂಳೆಗಳಲ್ಲಿರುವ ಕೊಲ್ಯಾಜನ್ ಮೂರೆಳೆಯ ಹುರಿಯಂತಿದೆ ಎಂದು ಅಲ್ಲೇ ತೋರಿಸಿಕೊಟ್ಟರು. 1963ರ ರಾಮಚಂದ್ರನ್ ನಕ್ಷೆಯನ್ನು ಪ್ರೋಟೀನ್ ಓದುವವರು ಇವತ್ತಿಗೂ ಬಿಟ್ಟಿಲ್ಲ.

1970ರ ಹೊತ್ತಿಗೆ ಮತ್ತೆ ಬೆಂಗಳೂರಿಗೆ ಬಂದರು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಒಂದು ಲೇಖನ ಪ್ರಕಟಿಸಿದರು. ನಮ್ಮ ಕಸುಬಿಗೆ ಸಂಬಂಧಪಟ್ಟದ್ದು ಅದೇ. ನೋಡಿ, ಸಿ.ಟಿ. ಅಂದರೆ ಫೋಟೋ ಅಲ್ಲ, ಲೆಕ್ಕ. ಸುತ್ತಲಿಂದ ಎಕ್ಸ್‌ರೇ ಹಾಯಿಸಿ, ಒಂದೊಂದು ಕೋನದಲ್ಲಿ ಸಿಕ್ಕ ನೆರಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಕೂಡಿಸಬೇಕು. ಸುಮ್ಮನೆ ಕೂಡಿಸಿದರೆ ಒಂದು ಚುಕ್ಕಿಯ ಸುತ್ತ ನಕ್ಷತ್ರದ ಹಾಗೆ ಗೆರೆ ಹರಡಿ ಎಲ್ಲವೂ ಮಸುಕಾಗುತ್ತದೆ. ಹರಡುವ ಮುಂಚೆಯೇ ಪ್ರತಿ ನೆರಳನ್ನೂ ಅಕ್ಕಪಕ್ಕದ ಅಳತೆಗಳ ಜೊತೆ ಕೂಡಿ ಕಳೆದು ತಿದ್ದಿಬಿಟ್ಟರೆ ಆ ಮಸುಕು ತಾನಾಗಿ ವಜಾ ಆಗುತ್ತದೆ ಎಂದು ಇವರು ತೋರಿಸಿದರು. ಅದಕ್ಕೂ ಮೊದಲಿದ್ದ ಫೂರಿಯೇ ವಿಧಾನಕ್ಕಿಂತ ಇದರಲ್ಲಿ ಕಂಪ್ಯೂಟರಿನ ಕೆಲಸ ಎಷ್ಟೋ ಕಡಿಮೆ.

ಅದೇ ವರ್ಷ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಸಂದಿತು. ರಾಮಚಂದ್ರನ್ ಅವರಿಗೆ ನೊಬೆಲ್ ಬರಲೇ ಇಲ್ಲ. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡರು.

ಅವರ ಲೆಕ್ಕದಿಂದ ಎಲ್ಲ ಸುಳ್ಳು ನೆರಳೂ ಹೋಗಲಿಲ್ಲ. ಲೋಹದ ಗೆರೆ, ಅಲುಗಾಟದ ಗೆರೆ ಇವತ್ತಿಗೂ ಇವೆ. ಅವರ ಫಿಲ್ಟರ್ ಅಂಚನ್ನು ಚುರುಕಾಗಿಸುವಾಗ ಚಿತ್ರದ ಕಾಳುಕಾಳನ್ನೂ ಹೆಚ್ಚಿಸುತ್ತದೆ, ಹಾಗಾಗಿ ಆಮೇಲೆ ಬಂದವರು ಅದನ್ನು ಸ್ವಲ್ಪ ಮೆದು ಮಾಡಿಕೊಂಡರು. ಆದರೂ ಸಿ.ಟಿ. ಪಠ್ಯಪುಸ್ತಕ ತೆಗೆದರೆ ರಾಮ್-ಲ್ಯಾಕ್ ಎಂಬ ಫಿಲ್ಟರ್ ಮೊದಲ ಪಾಠಗಳಲ್ಲೇ ಸಿಗುತ್ತದೆ. ರಾಮ್ ಅಂದರೆ ರಾಮಚಂದ್ರನ್, ಲ್ಯಾಕ್ ಅಂದರೆ ಲಕ್ಷ್ಮೀನಾರಾಯಣನ್. ನಮ್ಮ ಮಕ್ಕಳಿಗೆ ಇಷ್ಟಾದರೂ ಹೇಳೋಣ.