ಮೈಲಾರ ಮಹಾದೇವ

ಮೈಲಾರ ಮಹಾದೇವ (ಜೂನ್ 8, 1911 – ಏಪ್ರಿಲ್ 1, 1943) ಅವರು ಕರ್ನಾಟಕದ ಸ್ವಾತಂತ್ರ್ಯ ಹೋರಾಟಗಾರರು. ಮಹಾದೇವಪ್ಪ ಮೈಲಾರ ಎಂಬ ಹೆಸರಿನಿಂದಲೂ ಪರಿಚಿತರು. ಹಾವೇರಿ ಸಮೀಪದ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ.

ಜನನ ಮತ್ತು ಬಾಲ್ಯ
ಮಹಾದೇವ ಅವರು ಇಂದಿನ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಎಳೆಯ ವಯಸ್ಸಿನಲ್ಲಿಯೇ ಖಾದಿಯತ್ತ ಒಲಿದ ಅವರು ಗಾಂಧೀಜಿಯವರ ಸಾಬರಮತಿ ಆಶ್ರಮವನ್ನು ಸೇರಿದರು.

ದಂಡಿ ಯಾತ್ರೆ
1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ಹೊರಟ ಆಯ್ದ ಸತ್ಯಾಗ್ರಹಿಗಳಲ್ಲಿ ಕರ್ನಾಟಕದಿಂದ ಇದ್ದವರು ಮಹಾದೇವ ಒಬ್ಬರೇ. ಆಗ ಅವರ ವಯಸ್ಸು 18. ಪತ್ನಿ ಸಿದ್ಧಮ್ಮನವರೂ ಹೋರಾಟದಲ್ಲಿ ಪಾಲ್ಗೊಂಡರು. ಊರಿಗೆ ಮರಳಿದ ಬಳಿಕ ಮಹಾದೇವ ಅವರು ಕೊರಡೂರಿನಲ್ಲಿ ಸೇವಾಶ್ರಮವನ್ನು ಸ್ಥಾಪಿಸಿ ಖಾದಿ ಪ್ರಚಾರ ಹಾಗೂ ಗ್ರಾಮಸೇವೆಯಲ್ಲಿ ನಿರತರಾದರು.

ಹೊಸರಿತ್ತಿಯ ಘಟನೆ
1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಮಹಾದೇವ ಅವರು ತಂಡ ಕಟ್ಟಿಕೊಂಡು, ಸರ್ಕಾರದ ಆಡಳಿತಯಂತ್ರವನ್ನು ಅಸ್ತವ್ಯಸ್ತಗೊಳಿಸುವ ಕಾರ್ಯಕ್ಕೆ ತೊಡಗಿದರು. ರೈತರಿಂದ ವಸೂಲಾದ ಕಂದಾಯದ ಹಣವನ್ನು ಹೊಸರಿತ್ತಿಯ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇರಿಸಲಾಗಿತ್ತು. ಅದನ್ನು ವಶಪಡಿಸಿಕೊಳ್ಳಲು 1943ರ ಏಪ್ರಿಲ್ 1ರಂದು ತಂಡವು ಮುತ್ತಿಗೆ ಹಾಕಿತು. ಆಗ ನಡೆದ ಗೋಲಿಬಾರಿನಲ್ಲಿ ಮಹಾದೇವ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಹುತಾತ್ಮರಾದರು.

ಗುಂಡೇಟು ಮತ್ತು ಸಾರ್ವಜನಿಕ ಆರೋಗ್ಯ
ಗುಂಡು ದೇಹವನ್ನು ಹೊಕ್ಕಾಗ ಅದು ಸಾಗಿದ ದಾರಿಯ ಸುತ್ತಲಿನ ಅಂಗಾಂಶವೂ ಹರಿಯುತ್ತದೆ. ತೀವ್ರ ರಕ್ತಸ್ರಾವವೇ ತಕ್ಷಣದ ಮರಣಕ್ಕೆ ಮುಖ್ಯ ಕಾರಣ. ಅದನ್ನು ದಾಟಿ ಬದುಕಿದವರನ್ನು ಗಾಯದ ನಂಜು ಕಾಡುತ್ತದೆ. ಆದುದರಿಂದ ರಕ್ತಸ್ರಾವವನ್ನು ಬೇಗ ತಡೆಯುವುದು, ರಕ್ತ ಪೂರಣ ಮತ್ತು ಶಸ್ತ್ರಚಿಕಿತ್ಸೆಗಳೇ ಜೀವ ಉಳಿಸುವ ಉಪಾಯಗಳು. 1943ರಲ್ಲಿ ಭಾರತದಲ್ಲಿ ರಕ್ತನಿಧಿಗಳು ಇನ್ನೂ ಆರಂಭದ ಹಂತದಲ್ಲಿದ್ದವು. ಪೆನಿಸಿಲಿನ್ ಮುಖ್ಯವಾಗಿ ಯುದ್ಧರಂಗಕ್ಕೆ ಮೀಸಲಾಗಿತ್ತು. ಹಳ್ಳಿಗಳಲ್ಲಿ ಗುಂಡೇಟು ತಿಂದವರಿಗೆ ಇವು ಎಟುಕುವಂತಿರಲಿಲ್ಲ. ಗುಂಡೇಟಿನ ಪರಿಣಾಮ ಗಾಯಗೊಂಡವರೊಡನೆಯೇ ಮುಗಿಯದು. ಅಂಗವಿಕಲತೆ, ದುಡಿಯುವ ಕೈಗಳ ನಷ್ಟ ಮತ್ತು ಮನೆಯವರ ಮನೋವೇದನೆ ಬಹುಕಾಲ ಉಳಿಯುತ್ತವೆ. 1996ರಲ್ಲಿ ವಿಶ್ವ ಆರೋಗ್ಯ ಸಭೆಯು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಪ್ರಮುಖ ಸಮಸ್ಯೆಯೆಂದು ಘೋಷಿಸಿತು.

ಸ್ಮರಣೆ
ಹಾವೇರಿಯಲ್ಲಿ ಮಹಾದೇವ ಅವರ ಸ್ಮಾರಕವಿದೆ. ಅಲ್ಲಿನ ರೈಲು ನಿಲ್ದಾಣಕ್ಕೆ ಅವರ ಹೆಸರನ್ನಿಡಲಾಗಿದೆ. ಅಂಚೆ ಇಲಾಖೆಯು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿದೆ.